ನನ್ನ ಚೆಲೋ ಎಮ್ಮೆಯಾದದ್ದು

ಕಣ್ಣಿಗೆ ಪೊರೆ ಬಾರದೇ ಇದ್ದಿದ್ದರೆ ನಾನು ಮೈಸೂರು ಬಿಟ್ಟು ಬರುತ್ತಲೇ ಇರಲಿಲ್ಲ. ಅಲ್ಲಿನ ಅರಮನೆಯ ಇಂಗ್ಲಿಷ್ ವಾದ್ಯಮೇಳದಲ್ಲಿ ಇಪ್ಪತ್ತೆರಡು ವರ್ಷ ಚೆಲೋ ನುಡಿಸಿದವನು ನಾನು. ಚೆಲೋ ಎಂದರೆ ಪಿಟೀಲಿನ ಕುಲದ್ದೇ, ಆದರೆ ಎದೆಯೆತ್ತರ. ಕುರ್ಚಿಯ ಮೇಲೆ ಕೂತು, ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆಯಬೇಕು. ಎದುರಿಗೆ ಸ್ಟ್ಯಾಂಡಿನ ಮೇಲೆ ಸ್ವರದ ಹಾಳೆ ಇರುತ್ತದೆ. ಎರಡನೆಯ ಮಹಾಯುದ್ಧ ಶುರುವಾದ ವರ್ಷವೇ ಆ ಹಾಳೆಯ ಚುಕ್ಕೆಗಳು ಒಂದರ ಮೇಲೊಂದು ಹತ್ತಿ ಕೂರತೊಡಗಿದವು. ಒಂದು ಸಂಜೆ ಮೇಳವೆಲ್ಲ ನಿಂತ ಮೇಲೂ ನನ್ನ ಕಮಾನೊಂದೇ ಎರಡು ಸ್ವರ ಮುಂದಕ್ಕೆ ಹೋಯಿತು. ಯಾರೂ ಏನೂ ಅನ್ನಲಿಲ್ಲ. ಯಾರೂ ಏನೂ ಅನ್ನದ್ದನ್ನು ತಡೆಯಲಾರದೆ ನಾನೇ ಹೋಗಿ ನಿವೃತ್ತಿ ಕೇಳಿಕೊಂಡೆ.

ಮಧುಗಿರಿಗೆ ಬಂದೆ. ಬೆಟ್ಟದ ಬುಡದಲ್ಲಿ ನಮ್ಮ ಮನೆ. ನನ್ನ ಜೊತೆ ನನ್ನ ಚೆಲೋ, ಒಂದು ಹಳೆಯ ಪಿಟೀಲು, ಮತ್ತು ಮೈಸೂರಿನಲ್ಲಿ ಇಷ್ಟು ವರ್ಷ ಸಂಸಾರ ಮಾಡಿಯೂ ಮಧುಗಿರಿಯ ಮಾತು ಬಿಡದ ಹೆಂಡತಿ. ಊರವರು ಬಂದು ಮಾತಾಡಿಸಿದರು, ಮೈಸೂರಿನ ದಸರಾ ಕೇಳಿದರು, ಆನೆ ಕೇಳಿದರು. ಒಂದು ಸಲ ನುಡಿಸಿ ತೋರಿಸು ಅಂತ ಒಬ್ಬರೂ ಕೇಳಲಿಲ್ಲ. ಆರು ವಾರ ಕಾದೆ. ಆಮೇಲೆ ಶಾಲಾ ಇನ್ಸ್‌ಪೆಕ್ಟರನ್ನು ಕಂಡು, ನಮ್ಮ ಕಡೆಯ ಮಕ್ಕಳಿಗೆ ಇಂಗ್ಲಿಷ್ ಮೇಳದ ವಾದ್ಯಗಳ ಪರಿಚಯ ಮಾಡಿಕೊಡುತ್ತೇನೆ, ಶಾಲೆಗಳಲ್ಲಿ ಒಂದೊಂದು ಗಂಟೆ ಕೊಡಿಸಿ ಎಂದೆ. ಮಕ್ಕಳಿಗಾಗಿ ಅಂತ ಆವತ್ತು ನಾನೇ ನಂಬಿದ್ದೆ.

ಜೊತೆಗೆ ಬೇಕಾಗಿದ್ದವರು ಶಿರಾದಲ್ಲಿದ್ದರು. ಅದೇ ಮೇಳದಲ್ಲಿ ನನ್ನ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಸಾಹೇಬರು, ನನಗಿಂತ ಒಂದು ವರ್ಷ ಮೊದಲೇ ನಿವೃತ್ತರಾಗಿ ಊರು ಸೇರಿದ್ದರು. ಅವರದು ಕ್ಲಾರಿಯೊನೆಟ್, ಕರಿಮರದ ಊದುವ ಕೊಳವೆ. ಹಾರ್ನ್ ಅನ್ನುವ ಹಿತ್ತಾಳೆಯ ಸುರುಳಿ ಕಹಳೆಯನ್ನೂ ತಕ್ಕಮಟ್ಟಿಗೆ ಊದುತ್ತಿದ್ದರು. ಹೀಗೆ ಇಬ್ಬರಿಗೆ ನಾಲ್ಕು ವಾದ್ಯ. "ಮಕ್ಕಳ ಮುಂದೆ ತಾನೇ ಭಾಯ್, ಬಂದೆ ನಡೀರಿ," ಎಂದು ಅವರು ಒಂದೇ ಮಾತಿಗೆ ಒಪ್ಪಿದರು.

ಮೊದಲನೆಯದು ಮಧುಗಿರಿಯಲ್ಲೇ. ನಾನು ಮೂರು ದಿನ ಕೂತು ಭಾಷಣ ಸಿದ್ಧಮಾಡಿಕೊಂಡಿದ್ದೆ. ತಂತಿವಾದ್ಯ, ಗಾಳಿವಾದ್ಯ, ಅವುಗಳ ಹುಟ್ಟು, ಮೇಳದಲ್ಲಿ ಯಾರು ಎಲ್ಲಿ ಕೂರುತ್ತಾರೆ. ಹತ್ತು ನಿಮಿಷಕ್ಕೆ ಹಿಂದಿನ ಸಾಲು ನಿದ್ದೆ ಹೋಯಿತು. ಮುಂದಿನ ಸಾಲಿನ ಒಬ್ಬ ಪೋರ ಎದ್ದು ನಿಂತು, "ಸಾ, ಒಂದಕ್ಕೆ ಹೋಗ್ಬೇಕು," ಎಂದ. ಅವನ ಹಿಂದೆ ಇಪ್ಪತ್ತು ಮಕ್ಕಳಿಗೂ ಒಮ್ಮೆಲೇ ಒಂದಕ್ಕೆ ಬಂತು. ವಾಪಸು ಬಂದವರು ಏಳು ಮಂದಿ.

ಮನೆಗೆ ಬಂದು ರೇಗಾಡಿದೆ. ಹೆಂಡತಿ ಅವರೆಕಾಳು ಹಿಸುಕುತ್ತಾ ಕೇಳಿಸಿಕೊಂಡಳು.

"ನೀವು ಹೇಳಾದು ಪಂಚಾಂಗ ಓದ್ದಂಗಿರ್ತದೆ ಕಣ್ರೀ," ಎಂದಳು. "ಮಕ್ಳಿಗೆ ಕತೆ ಹೇಳಿ. ಕತೆ ಒಳಗೆ ನಿಮ್ ವಾದ್ಯ ಸೇರ್ಸಿ. ಗುಳಿಗೆ ಬೆಲ್ಲದಾಗಿಟ್ಟು ನುಂಗ್ಸಾಕಿಲ್ವಾ, ಅಂಗೆ."

"ನನಗೆ ಕತೆ ಎಲ್ಲಿ ಬರುತ್ತದೆ?"

"ನಂಗ್ ಬರ್ತದಲ್ಲ."

ಅವಳು ಕೂತಲ್ಲೇ ಕಟ್ಟಿದಳು. ಒಬ್ಬಳು ಬಾಯಿಬಡುಕಿ ಮುದುಕಿ, ಅವಳಿಗೊಂದು ಹಟಮಾರಿ ಎಮ್ಮೆ. ಹಾಲು ಕರೆಯುವ ಹೊತ್ತಿಗೆ ಎಮ್ಮೆ ಇಲ್ಲ. ಚಾಡಿಕೋರ ಗೊರವಂಕ ಹಕ್ಕಿಯೊಂದು ಬಂದು, ನಿನ್ನೆಮ್ಮೆ ಬೆಟ್ಟ ಹತ್ತಿತು ಅನ್ನುತ್ತದೆ. ಮುದುಕಿ ಎಮ್ಮೆಯನ್ನು ಬೈಯುತ್ತಾ ಬೈಯುತ್ತಾ ಬೆಟ್ಟ ಹತ್ತುತ್ತಾಳೆ. ಗವಿಯೊಳಗೆ ಮಲಗಿದ್ದ ಕರಡಿ ಘರ್ಜಿಸಿ ಎದ್ದು ಬರುತ್ತದೆ. ಆದರೆ ಆ ಬೈಗುಳವೆಲ್ಲ ತನಗೇ ಅಂತ ತಿಳಿದು ನಾಚಿಕೊಂಡು, ತಲೆ ತಗ್ಗಿಸಿ ಅವಳ ಹಿಂದೆಯೇ ಮನೆಗೆ ಬರುತ್ತದೆ. ಬಂದು ನೋಡಿದರೆ ಎಮ್ಮೆ ಹಿತ್ತಿಲಲ್ಲೇ ಮೆಲುಕು ಹಾಕುತ್ತಾ ನಿಂತಿದೆ. ಮುದುಕಿ ಪಿಟೀಲು, ಗೊರವಂಕ ಕ್ಲಾರಿಯೊನೆಟ್, ಕರಡಿ ಹಾರ್ನ್.

"ನಂದು?" ಎಂದೆ.

"ಎಮ್ಮೆ. ಇನ್ನೇನು ಮತ್ತೆ, ಅದ್ರ ದನಿ ಅಂಗೇ ಅಲ್ವಾ ಇರಾದು?"

ಇಪ್ಪತ್ತೆರಡು ವರ್ಷದ ಸಾಧನೆ ಎಮ್ಮೆಯಾಗಿದ್ದು ಹೀಗೆ. ಎರಡು ದಿನ ನಾನು ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಸಾಹೇಬರು ಮಾತ್ರ ಬಿದ್ದು ಬಿದ್ದು ನಕ್ಕು, ಗೊರವಂಕದ ಚಾಡಿಯನ್ನು ಕ್ಲಾರಿಯೊನೆಟ್ಟಿನಲ್ಲಿ ಎಷ್ಟು ಚೆಂದ ಹೇಳಿದರೆಂದರೆ, ನಾನೂ ಸೋತು ಎಮ್ಮೆಗೊಂದು ರಾಗ ಕೂಡಿಸಿದೆ. ನಿಧಾನವಾದ, ತಳದ ತಂತಿಯ ಮೇಲಿನ ರಾಗ. ಈಗ ಹೇಳಿಕೊಳ್ಳಲು ಸಂಕೋಚವಿಲ್ಲ, ಅದು ನಾನು ಕಟ್ಟಿದ್ದರಲ್ಲೆಲ್ಲ ಒಳ್ಳೆಯದು.

ಮತ್ತೆ ಅದೇ ಮಧುಗಿರಿ ಶಾಲೆಗೆ ಹೋದೆವು. ಕಥೆ ಶುರುವಾದದ್ದೇ ಮಕ್ಕಳು ಅಲ್ಲಾಡಲಿಲ್ಲ. ನನ್ನ ಸಂಕಟ ಅಲ್ಲಿಂದಲೇ ಶುರು. ಅವರಿಗೆ ಬೇಕಾದದ್ದು ಕಥೆ. ನಾನು ಕಥೆ ನಿಲ್ಲಿಸಿ ಕಮಾನು ಎತ್ತಿದರೆ, "ಆಮ್ಯಾಕೇನಾಯ್ತು ಸಾ? ಎಮ್ಮೆ ಸಿಕ್ತಾ ಸಾ?" ಎಂಬ ಕೂಗು. ನಾನು ನುಡಿಸುವಷ್ಟು ಹೊತ್ತೂ ಅವರು ಪಕ್ಕದವರ ಜೊತೆ ಕರಡಿಯ ಬಗ್ಗೆ ಮಾತಾಡಿಕೊಂಡರು. ಬೆಲ್ಲ ನುಂಗಿ ಗುಳಿಗೆ ಉಗುಳಿದ ಹಾಗಾಯಿತು. ಆದರೂ ಕೊನೆಯಲ್ಲಿ ಓಡಿಬಂದು ಮುತ್ತಿಕೊಂಡರು. ಮುಟ್ಟಿ ನೋಡಲಿ ಎಂದು ಬಿಟ್ಟೆ. ತಂತಿ ಮಿಡಿದರು, ಮರಕ್ಕೆ ಕಿವಿ ಹಚ್ಚಿದರು.

ಶಾಲೆಯ ಹಿತೈಷಿಗಳಲ್ಲೊಬ್ಬರು, ನಮ್ಮವರೇ ಆದ ಒಬ್ಬ ಜವಳಿ ವ್ಯಾಪಾರಿ, ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹತ್ತಿರ ಬಂದು ತಂತಿಯನ್ನು ನೋಡಿ, "ಇದೇನು, ಲೋಹದ್ದಲ್ವಲ್ಲ?" ಎಂದರು.

"ಕರುಳಿಂದು. ಕುರಿಯ ಕರುಳು ಹೊಸೆದು ಮಾಡ್ತಾರೆ."

ಅವರ ಮುಖ ಇಳಿಯಿತು. "ಎದೆ ಮ್ಯಾಲೆ ಲಿಂಗ ಇಟ್ಕಂಡು ಕರುಳು ತಿಕ್ತೀರಲ್ರೀ! ಹೋಗ್ಲಿ, ಅದು ನಿಮ್ಮ ಹಣೇಬರ. ಮಕ್ಳ ಕೈಯಾಗೂ ಮುಟ್ಟಿಸ್ಬುಟ್ರಲ್ಲ!"

ಮರುದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಆಗಬೇಕಿದ್ದದ್ದು ರದ್ದಾಯಿತು. ಮುಟ್ಟಿದ ಮಕ್ಕಳಿಗೆಲ್ಲ ಅಂದು ಸಂಜೆ ತಲೆಗೆ ನೀರು ಬಿತ್ತಂತೆ. "ರೇಷ್ಮೆ ಅಂದುಬಿಟ್ಟಿದ್ರೆ ಮುಗೀತಿತ್ತು ಭಾಯ್," ಎಂದರು ಸಾಹೇಬರು. ಹೌದು, ಮುಗಿಯುತ್ತಿತ್ತು. ಆದರೆ ಮಕ್ಕಳಿಗೆ ವಾದ್ಯ ತಿಳಿಸಿಕೊಡಲು ಹೊರಟವನು ಅದರ ತಂತಿ ಯಾವುದರದ್ದೆಂದು ಸುಳ್ಳು ಹೇಳುವುದೇ? ನನಗೆ ಸುಳ್ಳು ಬೇಡವಾಗಿತ್ತು ಎಂದು ಅಂದುಕೊಂಡೆ. ಸಾಹೇಬರು ಅದನ್ನು ಹಟ ಎಂದರು.

ಕೊರಟಗೆರೆಗೆ ಇದ್ದಿಲಿನ ಬಸ್ಸಿನಲ್ಲಿ ಹೋದೆವು. ಆ ದಿನಗಳಲ್ಲಿ ಪೆಟ್ರೋಲಿಲ್ಲ. ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿ ಹೊಗೆಯಲ್ಲಿ ಓಡಿಸುತ್ತಿದ್ದರು. ಏರು ಬಂದರೆ ನಾವೇ ಇಳಿದು ತಳ್ಳಬೇಕು. ಚೆಲೋದ ಪೆಟ್ಟಿಗೆ ನೋಡಿ ಕಂಡಕ್ಟರು, "ಒಳಗೆ ಹೆಣ ಗಿಣ ಇಲ್ಲ ತಾನೇ ಸ್ವಾಮಿ?" ಎಂದು ಕೇಳಿ ಟಾಪಿನ ಮೇಲೆ ಕಟ್ಟಿಸಿದ.

ಅಲ್ಲಿ ಎಲ್ಲ ಚೆನ್ನಾಗಿಯೇ ನಡೆದಿತ್ತು, ಕರಡಿ ಬರುವವರೆಗೆ. ಸಾಹೇಬರು ನಾನು ಹೇಳಿಕೊಟ್ಟಂತೆ ಬಾಗಿಲ ಹಿಂದೆ ಅವಿತು ಹಾರ್ನ್ ಊದಿದರು. ಕೋಣೆ ನಡುಗಿತು. ಮಕ್ಕಳೆಲ್ಲ ಉಸಿರು ಬಿಗಿಹಿಡಿದರು. ಒಂದು ಕ್ಷಣ ಒಬ್ಬರೂ ಮಾತಾಡಲಿಲ್ಲ, ಎಲ್ಲರೂ ಕೇಳಿದರು. ನಾನು ಇಷ್ಟು ದಿನ ಕಾದಿದ್ದ ಮೌನ ಅದು. ಅಷ್ಟರಲ್ಲಿ ಎರಡನೆಯ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ಮುಖ ಬಿಳಿಚಿಕೊಂಡಿತ್ತು. "ಅಪ್ಪಯ್ಯಾ!" ಎಂದು ಚೀರಿ ಹೊರಗೆ ಓಡಿದಳು.

ಅವಳ ಅಪ್ಪನನ್ನು ಹಿಂದಿನ ವರ್ಷ ಕಡಲೆಕಾಯಿ ಹೊಲದಲ್ಲಿ ಕರಡಿ ಹಿಡಿದಿತ್ತು. ಜೀವ ಉಳಿಯಿತು, ಒಂದು ಕಣ್ಣು ಮತ್ತು ಅರ್ಧ ಕೆನ್ನೆ ಹೋಯಿತು.

"ನಿಮ್ ಕತೆಗೆ ಬೇರೆ ಮೃಗಾನೇ ಸಿಗ್ಲಿಲ್ವೇನ್ರೀ?" ಎಂದು ಹೆಡ್ಮಾಸ್ಟರು ಮಕ್ಕಳೆದುರೇ ನನ್ನನ್ನು ಕೇಳಿದರು. ಬೆಟ್ಟದ ಮಗ್ಗುಲಲ್ಲೇ ಹುಟ್ಟಿ ಬೆಳೆದವನಿಗೆ ಅದು ಹೊಳೆಯಬೇಕಿತ್ತು. ಹೊಳೆದಿರಲಿಲ್ಲ. ಸಾಹೇಬರು ಆ ಮಗುವಿನ ಮನೆ ಹುಡುಕಿಕೊಂಡು ಹೋಗಿ, ಅಪ್ಪನೆದುರು ಕೂತು, ಹಾರ್ನನ್ನು ಮಗುವಿನ ಕೈಗೇ ಕೊಟ್ಟು, ಇದು ಬರೀ ಹಿತ್ತಾಳೆ ಮಗಾ ಎಂದು ತೋರಿಸಿ ಬಂದರು. ಬಂದವರೇ, "ಕರಡಿ ನಾನು ಇನ್ನು ಊದೋದಿಲ್ಲ," ಎಂದರು.

"ಕರಡಿ ಬಿಟ್ಟರೆ ಹಾರ್ನಿಗೆ ಏನಿದೆ? ಇವತ್ತು ಅವರು ಕೇಳಿದ್ದು ಅದೊಂದನ್ನೇ!"

"ಅಲ್ಲಾ, ಮಗು ಅತ್ತಿತು ಭಾಯ್."

ಮಗು ಅತ್ತದ್ದು ನನಗೂ ಗೊತ್ತಿತ್ತು. ಆದರೆ ಆ ಒಂದು ಕ್ಷಣದ ಮೌನ ನನಗೆ ಹಿತವಾಗಿತ್ತು, ಅದು ಕೈತಪ್ಪಿತಲ್ಲ ಎಂಬ ಸಿಟ್ಟೇ ಮೇಲಾಯಿತು. ಈಗ ನೆನೆದರೆ ನಾಚಿಕೆ. ಕೊನೆಗೆ ಕರಡಿಯ ಬದಲು ಗುಡುಗು ಎಂದು ತೀರ್ಮಾನವಾಯಿತು. ಆದರೆ ಗುಡುಗು ಮುದುಕಿಯ ಬೈಗುಳಕ್ಕೆ ನಾಚಿ ಹಿಂದೆ ಬರುವುದು ಹೇಗೆ? ಕಥೆಯ ಬೆನ್ನು ಮುರಿದಿತ್ತು. ನಾನು ಹೇಗೆ ಹೇಗೆ ತಿರುಗಿಸಿದರೂ ಅದು ಕೂಡಿಕೊಳ್ಳಲಿಲ್ಲ. ಹೆಂಡತಿಯನ್ನು ಕೇಳಬಹುದಿತ್ತು. ಕೇಳಲಿಲ್ಲ.

ಶಿರಾದಲ್ಲಿ ಸಾಹೇಬರದೇ ರಾಜ್ಯ. ಕಥೆ ಮುಗಿದ ಮೇಲೆ ಒಬ್ಬ ಚಿಕ್ಕವನು, "ಚಾಚಾ, ನಾನೂ ಊದ್ಲಾ?" ಎಂದ. ಇವರು ಕ್ಲಾರಿಯೊನೆಟ್ಟನ್ನು ಅವನ ಬಾಯಿಗೇ ಇಟ್ಟರು. ಬಾತುಕೋಳಿಯ ಸದ್ದು ಬಂತು. ಮಕ್ಕಳ ಸಾಲು ಬಾಗಿಲು ದಾಟಿ ಬೇವಿನ ಮರದವರೆಗೆ ಬೆಳೆಯಿತು. ನಾನು ಬೇಡ ಬೇಡ ಎನ್ನುತ್ತಲೇ ಇದ್ದೆ. ಎಲ್ಲ ಜಾತಿಯ ಮಕ್ಕಳು ಒಂದೇ ಕೊಳವೆಗೆ ಬಾಯಿ ಹಚ್ಚಿದ್ದು ಊರಿಗೆ ತಿಳಿಯದೇ ಇರುತ್ತದೆಯೇ? ಸಂಜೆಯೊಳಗೆ ತಾಯಂದಿರು ಶಾಲೆಯ ಮುಂದೆ ನೆರೆದರು. "ಯಾರ್ ಯಾರ್ದೋ ಎಂಜ್ಲು ನಮ್ ಮಕ್ಳ ಬಾಯಿಗೆ ಹಾಕ್ಸಿದೀರಲ್ಲಾ, ನಿಮ್ಗೇನ್ ಬುದ್ಧಿಗಿದ್ಧಿ ಐತಾ?" ಮೇಷ್ಟ್ರುಗಳು ಒಳಗೆ ಸೇರಿಕೊಂಡರು. ಸಾಹೇಬರೊಬ್ಬರೇ ನಿಂತು ಎಲ್ಲ ಬೈಗುಳ ತಿಂದರು.

ನನಗೆ ಎಂಜಲಿಗಿಂತ ಜೊಂಡಿನ ಚಿಂತೆ. ಕ್ಲಾರಿಯೊನೆಟ್ಟಿನ ಬಾಯಲ್ಲಿ ಜೊಂಡಿನ ಒಂದು ತೆಳು ಪಟ್ಟಿ ಇರುತ್ತದೆ. ಅದು ಅದುರಿದರೇ ನಾದ. ಆ ಪಟ್ಟಿಗಳು ಹಡಗಿನಲ್ಲಿ ಬರಬೇಕು, ಯುದ್ಧದಿಂದ ಹಡಗುಗಳು ನಿಂತಿದ್ದವು. ಸಾಹೇಬರ ಬಳಿ ಉಳಿದಿದ್ದ ನಾಲ್ಕರಲ್ಲಿ ಮೂರನ್ನು ಆ ಮಕ್ಕಳು ಕಚ್ಚಿ ಮುರಿದಿದ್ದರು. "ಪರವಾಗಿಲ್ಲ ಭಾಯ್, ಊದಿದ್ರಲ್ಲ," ಎಂದು ಅವರು ನಕ್ಕಾಗ ನನಗೆ ಮೈಯೆಲ್ಲ ಉರಿಯಿತು.

ಹೀಗೆ ಉರಿದುಕೊಂಡೇ ಪಾವಗಡ ತಲುಪಿದೆ. ಬೇಸಿಗೆ ಶುರುವಾಗಿತ್ತು. ಗುಡ್ಡದ ಬಂಡೆಗಳು ಕಾದು, ಬೀದಿಯಲ್ಲಿ ನಿಂತರೆ ಎರಡು ಕಡೆಯಿಂದಲೂ ಬಿಸಿ ಹೊಡೆಯುತ್ತಿತ್ತು. ಶಾಲೆಯಲ್ಲಿ ಚಿಕ್ಕ ಮಕ್ಕಳ ತರಗತಿ. ಅವರ ಮನೆಮಾತು ತೆಲುಗು. ನನ್ನ ಪುಸ್ತಕದ ಕನ್ನಡ ಅವರ ತಲೆಯ ಮೇಲಿಂದ ಹಾದುಹೋಯಿತು. ಆ ತರಗತಿಯ ಟೀಚರಮ್ಮ, ಮೂವತ್ತರ ಆಸುಪಾಸಿನ ಹೆಂಗಸು, "ನಾನು ತೆಲುಗಲ್ಲಿ ಹೇಳ್ಲಾ ಸಾರ್?" ಎಂದು ಕೇಳಿದಳು. ಹೂಂ ಎಂದೆ.

ಅವಳು ಹೇಳತೊಡಗಿದಳು. ನಾನು ಒಂದು ಮಾತು ಹೇಳಿದರೆ ಅವಳು ಹತ್ತು ಹೇಳುತ್ತಿದ್ದಳು. ಮುದುಕಿಗೆ ಒಬ್ಬಳು ಸೊಸೆ ಬಂದಳು, ಗೊರವಂಕಕ್ಕೆ ಮೆಳ್ಳೆಗಣ್ಣು ಬಂತು. ಮಕ್ಕಳು ಕುಣಿದಾಡಿದರು. ಗುಡುಗಿನ ಹತ್ತಿರ ನಾನು ತಡವರಿಸಿದೆ. ಅವಳು ಒಂದು ಗಳಿಗೆಯೂ ಯೋಚಿಸದೆ ದಾಟಿಬಿಟ್ಟಳು. ಗುಡುಗಿಗೆ ಎಂದೂ ಯಾರೂ ಬೈದೇ ಇರಲಿಲ್ಲ, ಎಲ್ಲರೂ ಅದಕ್ಕೆ ಹೆದರುವವರೇ. ಈ ಮುದುಕಿ ಬೈದದ್ದು ಕೇಳಿ ಅದಕ್ಕೆ ಅವಳ ಮೇಲೆ ಪ್ರೀತಿ ಹುಟ್ಟಿ, ಬೆನ್ನಿಗೇ ಊರಿಗೆ ಬಂದು ಮಳೆ ಸುರಿಸಿತು. ನಾನು ವಾರಗಟ್ಟಲೆ ಕೂತು ಕೂಡಿಸಲಾರದ್ದನ್ನು ಅವಳು ನಿಂತಲ್ಲೇ ಕೂಡಿಸಿದ್ದಳು.

ಆಗ ನನ್ನ ಎಮ್ಮೆಯ ರಾಗ ಬರಬೇಕು. ನುಡಿಸತೊಡಗಿದೆ. ಅವಳು ನಿಲ್ಲಿಸಲಿಲ್ಲ. ರಾಗದ ಮೇಲೆಯೇ, ಎಮ್ಮೆ ಮಳೆಯಲ್ಲಿ ಹೇಗೆ ಮೈಯೊಡ್ಡಿ ನಿಂತಿತ್ತು ಅಂತ ಹೇಳುತ್ತಲೇ ಹೋದಳು. ಮಕ್ಕಳು ಅವಳ ಬಾಯನ್ನೇ ನೋಡುತ್ತಿದ್ದರು. ನಾನು ಕಮಾನನ್ನು ಮೇಜಿನ ಮೇಲೆ ಕುಕ್ಕಿದೆ.

"ಬಾಯಿ ಮುಚ್ಚಮ್ಮ ಸ್ವಲ್ಪ! ಇದೇನು ಸಂತೆ ಅಂದ್ಕೊಂಡಿದ್ದೀಯಾ? ನಾನು ನುಡಿಸ್ತಿರೋದು ಕಾಣಿಸ್ತಿಲ್ವಾ?"

ಟೀಚರಮ್ಮನ ಕಣ್ಣು ತುಂಬಿತು, ಆದರೆ ಅವಳು ತಲೆ ತಗ್ಗಿಸಲಿಲ್ಲ. ಮಕ್ಕಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಕೊರಟಗೆರೆಯ ಕರಡಿಯೇ ವಾಸಿ. ಮುಂದೆ ನುಡಿಸುವುದಾಗಲಿಲ್ಲ.

ಸಾಹೇಬರು ತಮ್ಮ ವಾದ್ಯಗಳನ್ನು ಬಟ್ಟೆಯಲ್ಲಿ ಸುತ್ತಿದರು. ಅಂಗಳಕ್ಕೆ ಬಂದ ಮೇಲೆ, ದನಿ ಎತ್ತದೆ, "ನಿಮಗೆ ಮಕ್ಕಳು ಬೇಡ ಭಾಯ್, ದರ್ಬಾರು ಬೇಕು. ಅದು ಇಲ್ಲಿಲ್ಲ. ನಾನು ಶಿರಾಕ್ಕೆ ಹೋಗ್ತೀನಿ," ಎಂದರು. ಹೋದರು. ಇಪ್ಪತ್ತೆರಡು ವರ್ಷದ ಸ್ನೇಹದಲ್ಲಿ ಅವರು ನನಗೆ ಗಡಸಾಗಿ ಆಡಿದ್ದು ಅದೊಂದೇ ಮಾತು.

ಒಬ್ಬನೇ ಮಧುಗಿರಿಗೆ ಬಂದು ಪೆಟ್ಟಿಗೆ ತೆರೆದೆ. ಪಾವಗಡದ ಬಿಸಿಲಿಗೆ ಚೆಲೋದ ಅಂಟು ಒಣಗಿ ಮಗ್ಗುಲಿನ ಬೆಸುಗೆ ಒಂದು ಗೇಣು ಬಾಯಿಬಿಟ್ಟಿತ್ತು. ಊರ ಬಡಗಿ ಒಳ್ಳೆಯ ಕೆಲಸಗಾರ. ಅಂಟು ಮಾತ್ರ ಹಚ್ಚಬೇಕು, ಮೆಲ್ಲಗೆ, ಎಂದು ಹೇಳಿ ಕೊಟ್ಟು ಬಂದೆ. ನಾಲ್ಕು ದಿನ ಬಿಟ್ಟು ಹೋದರೆ ಅವನು ಹೆಮ್ಮೆಯಿಂದ ತಟ್ಟಿ ತೋರಿಸಿದ. "ಅಂಟೇನ್ ತಡೀತದೆ ಸ್ವಾಮಿ? ಏಳು ಮೊಳೆ ಹೊಡ್ದಿವ್ನಿ. ಇನ್ ನೂರ್ ವರ್ಷ ಅಲ್ಲಾಡಾಕಿಲ್ಲ ಬುಡಿ!"

ಅಲ್ಲಾಡದಿದ್ದರೆ ಅದು ವಾದ್ಯವೇ ಅಲ್ಲ ಎಂದು ಅವನಿಗೆ ಹೇಗೆ ಹೇಳಲಿ? ಮನೆಗೆ ತಂದು ಕಮಾನು ಎಳೆದೆ. ತಳದ ತಂತಿಯಲ್ಲಿ ಗೊರಗೊರ ಎಂಬ ಸದ್ದು. ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಪಾವಗಡದ ಸಂಗತಿ ಸಾಹೇಬರ ಕಾಗದದಿಂದ ಅವಳಿಗೆ ಆಗಲೇ ತಿಳಿದಿತ್ತು.

"ಆ ಹೆಣ್ಮಗೀಗೆ ತಪ್ಪಾಯ್ತು ಅಂದ್ ಬರ್ರಿ ಮೊದ್ಲು," ಎಂದಳು. "ವಾದ್ಯ ಆಮ್ಯಾಕೆ."

ಪಾವಗಡಕ್ಕೆ ಹೊರಡಲು ನನಗೆ ಮಳೆಗಾಲ ಬರಬೇಕಾಯಿತು. ಚೆಲೋವನ್ನು ಯಾಕೆ ತೆಗೆದುಕೊಂಡು ಹೋದೆನೋ ಗೊತ್ತಿಲ್ಲ. ಟೀಚರಮ್ಮ ನನ್ನನ್ನು ಕಂಡು ಎದ್ದು ನಿಂತಳು. ನಾನು ಹೇಳಬೇಕಾದ್ದನ್ನು ಮಕ್ಕಳೆದುರೇ ಹೇಳಿದೆ, ಬೈದದ್ದೂ ಅವರೆದುರೇ ಆದ್ದರಿಂದ.

"ಹೋಗ್ಲಿ ಬುಡಿ ಸಾರ್," ಎಂದಳು. "ನಿಮ್ಗೆ ನಾನು ದಾರಿ ಬುಡ್ಲಿಲ್ಲ, ಅದೂ ನಿಜಾನೇ. ಕತೆ ಮಾತ್ರ ಇವ್ರು ದಿನಾ ಕೇಳ್ತಾರೆ. ಇವತ್ತು ನಾನು ಬಾಯ್ ತೆಗೆಯಾಕಿಲ್ಲ, ನುಡ್ಸಿ."

ನುಡಿಸಿದೆ. ಮಕ್ಕಳು ಗಪ್ಪಾಗಿ ಕೇಳಿದರು. ಮೊಳೆಗಳು ತಮ್ಮ ಗೊರಗೊರ ಬಿಡಲಿಲ್ಲ. ಮುಗಿದ ಮೇಲೆ ಒಬ್ಬ ಹುಡುಗ, "ಎನುಮುಕು ಜಲುಬು ಚೇಸಿಂದಿ," ಎಂದ, ಎಮ್ಮೆಗೆ ನೆಗಡಿಯಾಗಿದೆ ಅಂತ. ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತಿದ್ದ, ಆರು ವರ್ಷವೂ ತುಂಬಿರದ ಒಂದು ಹೆಣ್ಣುಮಗು ನಗಲಿಲ್ಲ. ಅದು ಹಣೆ ಗಂಟಿಕ್ಕಿ, "ಆ ಪೊದ್ದು ಇಟ್ಲ ಲೇದು," ಎಂದಿತು. ಆವತ್ತು ಹೀಗಿರಲಿಲ್ಲ.

ಆ ಮಗು ಕೇಳಿಸಿಕೊಂಡಿತ್ತು. ಟೀಚರಮ್ಮನ ಮಾತಿನ ಕೆಳಗಿಂದ, ನನ್ನ ಕೂಗಾಟದ ಮೊದಲು, ಅರ್ಧಂಬರ್ಧ ನುಡಿಸಿದ್ದ ರಾಗದ ದನಿ ಹೇಗಿತ್ತು ಎಂಬುದು ಅದಕ್ಕೆ ಇಷ್ಟು ತಿಂಗಳು ನೆನಪಿತ್ತು. ನಾನು ನಾಲ್ಕು ತಾಲ್ಲೂಕು ಅಲೆದು ಹುಡುಕಿದ ಕಿವಿ ಎದುರಿಗೇ ಕೂತಿತ್ತು, ಅದಕ್ಕೆ ಕೊಡಲು ನನ್ನ ಬಳಿ ಮೊಳೆ ಹೊಡೆದ ಪೆಟ್ಟಿಗೆ ಇತ್ತು. ಸರಿಮಾಡಿಸಿಕೊಂಡು ಬರುತ್ತೇನೆ ಮಗಾ ಎಂದೆ. ಮಗುವಿಗೆ ಅರ್ಥವಾಗುವಂತೆ ಟೀಚರಮ್ಮ ಅದನ್ನು ತೆಲುಗಿನಲ್ಲಿ ಹೇಳಿದಳು.

ಮನೆಗೆ ಬಂದಾಗ ವಿದ್ಯಾ ಇಲಾಖೆಯ ಕಾಗದ ಕಾದಿತ್ತು. ಕಣ್ಣು ಸಾಲದ್ದರಿಂದ ಹೆಂಡತಿಯೇ ಅಕ್ಷರ ಕೂಡಿಸಿಕೊಂಡು ಓದಿದಳು. ಮಕ್ಕಳಿಗೆ ಕಥೆ ಹಿಡಿಸಿರುವುದಾಗಿ ಶಾಲೆಗಳಿಂದ ವರದಿ ಬಂದಿದೆ, ವಾದ್ಯಗಳ ಅವಶ್ಯಕತೆ ಕಂಡುಬಂದಿಲ್ಲ, ಆದ್ದರಿಂದ ಅನುಮತಿ ಮುಂದುವರಿಸುವುದಿಲ್ಲ. ಅವಳು ಇನ್ನೊಮ್ಮೆ ಓದಿ, "ನನ್ ಕತೆಗೆ ಸರ್ಕಾರ್ದೋರೇ ಸೈ ಅಂದವ್ರೆ," ಎಂದಳು. ನಗಿಸಲೆಂದು ಹೇಳಿದ್ದು. ನನಗೆ ನಗು ಬರಲಿಲ್ಲ.

ಯುದ್ಧ ಮುಗಿದ ಮೇಲೆ ಮೈಸೂರಿಗೆ ಹೋಗಿ ಮೊಳೆ ಕೀಳಿಸಿ ಅಂಟು ಹಾಕಿಸಿದೆ. ನಾದ ಮುಕ್ಕಾಲು ಪಾಲು ವಾಪಸು ಬಂತು. ಬರುವ ದಾರಿಯಲ್ಲಿ ಶಿರಾದಲ್ಲಿ ಇಳಿದು ಸಾಹೇಬರ ಮನೆಗೆ ಹೋದೆ. ಚಹಾ ಕುಡಿದೆವು, ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಕೊನೆಯ ಜೊಂಡೂ ಸೀಳಿದೆ, ಬಿದಿರಿನಲ್ಲಿ ಕೆತ್ತಿ ನೋಡುತ್ತಿದ್ದೇನೆ, ನಾದ ಹುಟ್ಟುತ್ತಿಲ್ಲ ಎಂದರು. ಅಲ್ಲಿಂದ ಪಾವಗಡಕ್ಕೆ ಹೋದಾಗ ಟೀಚರಮ್ಮನಿಗೆ ಬೇರೆ ಊರಿಗೆ ವರ್ಗವಾಗಿತ್ತು, ಆ ಮಗುವನ್ನು ಶಾಲೆ ಬಿಡಿಸಿದ್ದರು. ಯಾರ ಮನೆಯ ಮಗು ಎಂದು ಹೊಸ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅದರ ಹೆಸರನ್ನು ನಾನೂ ಕೇಳಿಟ್ಟುಕೊಂಡಿರಲಿಲ್ಲ. ಎರಡು ಬೀದಿ ವಿಚಾರಿಸಿ, ಮಧ್ಯಾಹ್ನದ ಬಸ್ಸಿಗೆ ವಾಪಸು ಹೊರಟೆ.